ಮೂವರು ಒಡಹುಟ್ಟಿದವರು, ಒಬ್ಬ ಹೊರಗಿನವನು: ಮೈಸೂರಿನ ಮನೆ-ಬ್ಯಾಂಡಿನ ಮೊದಲ ಹದಿನೆಂಟು ತಿಂಗಳು

ಇದು ಮಾದರಿ ಪ್ರಕರಣ. ಒಂದೇ ಮನೆಯ ಮಕ್ಕಳು ಕೂಡಿ ಕಟ್ಟಿದ ರಾಕ್ ತಂಡಕ್ಕೆ ಮೈಸೂರು, ಮಂಡ್ಯದ ಕಡೆ ಶುರುವಿನಲ್ಲಿ ಏನೇನು ಎದುರಾಗುತ್ತದೋ ಅದನ್ನೆಲ್ಲ ಒಂದೇ ಮನೆಗೆ ತಂದು ಜೋಡಿಸಿದ್ದೇವೆ. ಹಾಗಾಗಿ ಹೆಸರುಗಳಿಲ್ಲ. ರೂಪಾಯಿಯ ಲೆಕ್ಕ ಈ ಪ್ರಕರಣಕ್ಕೆ ಹಾಕಿದ್ದು, ಮಾರುಕಟ್ಟೆಯ ದರಪಟ್ಟಿ ಅಂತ ಓದಬೇಡಿ.

ಮನೆ ಕುವೆಂಪುನಗರದಲ್ಲಿದೆ. ಮಹಡಿ ಮೇಲೆ ಹತ್ತಕ್ಕೆ ಹನ್ನೆರಡು ಅಡಿಯ ಒಂದು ಕೋಣೆ, ಅದಕ್ಕೆ ಹೊರಗಿನಿಂದಲೇ ಮೆಟ್ಟಿಲು. ಅಕ್ಕ ಹಾಡುತ್ತಾಳೆ, ರಿದಂ ಗಿಟಾರ್ ನುಡಿಸುತ್ತಾಳೆ. ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದವಳು, ಈಗ ಕೆಲಸದಲ್ಲಿದ್ದಾಳೆ. ನಡುವಿನವನದು ಲೀಡ್ ಗಿಟಾರ್. ಕಿರಿಯವನು ಹೈಸ್ಕೂಲಿನವರೆಗೆ ಮೃದಂಗ ಕಲಿತು ಆಮೇಲೆ ಡ್ರಮ್ಸಿಗೆ ಬಂದವನು, ಇಂಜಿನಿಯರಿಂಗ್ ಓದುತ್ತಿದ್ದಾನೆ. ಬೇಸ್ ಗಿಟಾರ್ ಹಿಡಿಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ನಡುವಿನವನ ಕಾಲೇಜು ಗೆಳೆಯನೊಬ್ಬ ಸಿಕ್ಕಿದ. ಅವನು ಮಂಡ್ಯದವನು.

ಮನೆ-ಬ್ಯಾಂಡುಗಳು ಅಣ್ಣತಮ್ಮಂದಿರ ಜಗಳದಿಂದ ಒಡೆಯುತ್ತವೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಅದಕ್ಕೆ ಓಯಸಿಸ್ ತಂಡದ ಗ್ಯಾಲಗರ್ ಸೋದರರನ್ನು ತೋರಿಸುತ್ತಾರೆ: 2009ರಲ್ಲಿ ಪ್ಯಾರಿಸ್ಸಿನಲ್ಲಿ ಕಿತ್ತಾಡಿಕೊಂಡು ಬೇರೆಯಾದವರು ಮತ್ತೆ ಒಂದೇ ವೇದಿಕೆ ಹತ್ತಿದ್ದು 2025ರಲ್ಲಿ. ಆದರೆ ಒಡೆಯುವ ಹೊತ್ತಿಗೆ ಅದು ಹದಿನೆಂಟು ವರ್ಷ ಹಳೆಯ ತಂಡ. ಹೊಸ ತಂಡದಲ್ಲಿ ಮೊದಲ ಬಿರುಕು ಬೇರೆ ಕಡೆ ಕಾಣಿಸುತ್ತದೆ. ಒಡಹುಟ್ಟಿದವರು ಬೆಳಗ್ಗೆ ಜಗಳವಾಡಿ ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತುಬಿಡುತ್ತಾರೆ. ಆ ಊಟಕ್ಕೆ ಕೂರದವನು ನಾಲ್ಕನೆಯವನು. ಆಸ್ಟ್ರೇಲಿಯಾದ ಎಸಿ/ಡಿಸಿ ತಂಡವನ್ನು 1973ರಲ್ಲಿ ಸಿಡ್ನಿಯಲ್ಲಿ ಕಟ್ಟಿದ ಮಾಲ್ಕಮ್ ಮತ್ತು ಆಂಗಸ್ ಯಂಗ್ ಸೋದರರನ್ನೇ ನೋಡಿ. ಹೆಸರು ಸಿಕ್ಕಿದ್ದು ಅಕ್ಕ ಮಾರ್ಗರೆಟ್ ಹೊಲಿಗೆ ಯಂತ್ರದ ಮೇಲೆ ಕಂಡ ಅಕ್ಷರಗಳಿಂದ. ಧ್ವನಿಮುದ್ರಣಕ್ಕೆ ದಾರಿ ತೋರಿಸಿದ್ದು ಮೊದಲೇ ಹೆಸರು ಮಾಡಿದ್ದ ಅಣ್ಣ ಜಾರ್ಜ್. ಎಲ್ಲ ಮನೆಯೊಳಗೇ. ಸೋದರರು ಕದಲಲಿಲ್ಲ, ಸುತ್ತಲಿನ ಜಾಗಗಳು ಬದಲಾಗುತ್ತಲೇ ಹೋದವು. 1975ರಲ್ಲಿ ಬಂದ ಬೇಸ್ ವಾದಕ ಮಾರ್ಕ್ ಇವಾನ್ಸ್ ಅವರನ್ನು 1977ರಲ್ಲಿ ಕೈಬಿಟ್ಟರು. ನಮ್ಮ ಪ್ರಕರಣವೂ ಒಂಬತ್ತನೇ ತಿಂಗಳಲ್ಲಿ ಅಲ್ಲಿಗೇ ಹೋಗಿ ನಿಂತಿತ್ತು. ಅಲ್ಲಿಗೆ ಬರುವ ಮುಂಚೆ ಕೋಣೆಯ ವಿಚಾರ.

ಕೋಣೆ

ಮೊದಲ ತಿಂಗಳು ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದರು. ಎಲ್ಲರೂ ಮಾಡುವುದೂ ಅದೇ, ಅದರಿಂದ ಆಗುವುದೂ ಏನಿಲ್ಲ. ಕಾಗದದ ಟ್ರೇ ಕೋಣೆಯೊಳಗಿನ ಕೀಚು ಸದ್ದನ್ನು ಒಂದಿಷ್ಟು ಹೀರುತ್ತದೆಯೇ ಹೊರತು ಸದ್ದು ಹೊರಗೆ ಹೋಗುವುದನ್ನು ತಡೆಯುವುದಿಲ್ಲ. ತಡೆಯಬೇಕಾದರೆ ತೂಕ ಬೇಕು, ಸಂದಿಗಳು ಮುಚ್ಚಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ತೂಕ ಇದ್ದೇ ಇದೆ. ಸೋರುವುದು ಕಿಟಕಿ ಮತ್ತು ಬಾಗಿಲಲ್ಲಿ. ಕಿಟಕಿಯ ಅಳತೆಗೆ 18 ಎಂಎಂ ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಒಳಗೆ 50 ಎಂಎಂ ರಾಕ್‌ವುಲ್ (ಕಲ್ಲಿನ ನಾರಿನ ಪದರ) ತುಂಬಿ, ಹಿಂಬದಿಗೆ ಜಿಪ್ಸಂ ಬೋರ್ಡ್ ಬಡಿದು, ಅಂಚಿಗೆ ರಬ್ಬರ್ ಪಟ್ಟಿ ಹಾಕಿ ಚೌಕಟ್ಟಿಗೆ ಒತ್ತಿ ಕೂರಿಸಿದರು. ಬಾಗಿಲ ಕೆಳಗಿನ ಅರ್ಧ ಇಂಚು ಸಂದಿಗೂ ರಬ್ಬರ್. ಈ ಅರ್ಧ ಇಂಚನ್ನು ಬಿಟ್ಟಿದ್ದರೆ ಕಿಟಕಿಗೆ ಹಾಕಿದ ದುಡ್ಡೆಲ್ಲ ನೀರುಪಾಲು. ಇಷ್ಟು ಮುಚ್ಚಿದ ಕೋಣೆಯಲ್ಲಿ ಏಪ್ರಿಲ್ ತಿಂಗಳು ನಾಲ್ಕು ಜನ ಹೆಚ್ಚು ಹೊತ್ತು ಕೂರಲಾಗುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ನಲವತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆ ತೆಗೆದು ಗಾಳಿ ಬಿಡುವುದು ನಿಯಮವಾಯಿತು. ಕಿವಿಗೂ ಅದು ಒಳ್ಳೆಯದೇ: 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಇರಬಹುದು, ಮೇಲಕ್ಕೆ ಪ್ರತಿ ಮೂರು ಡೆಸಿಬೆಲ್ಲಿಗೆ ಆ ಹೊತ್ತು ಅರ್ಧವಾಗುತ್ತ 100ಕ್ಕೆ ಹದಿನೈದೇ ನಿಮಿಷಕ್ಕೆ ಇಳಿಯುತ್ತದೆ. ಸಣ್ಣ ಕೋಣೆಯ ಡ್ರಮ್ಸ್ ನೂರನ್ನು ಸಲೀಸಾಗಿ ದಾಟುತ್ತದೆ. ಫೋಮ್ ಇಯರ್‌ಪ್ಲಗ್ ನಾಲ್ವರಿಗೂ ಕಡ್ಡಾಯ.

ಇಷ್ಟಾದರೂ ಕೆಳಗಿನ ಮನೆಯ ಬಾಡಿಗೆದಾರರು ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯರು. "ಹಾಡು ಕೇಳ್ಸಲ್ಲ ಕಣಮ್ಮ, ನೆತ್ತಿ ಮೇಲೆ ರಾಗಿ ಕುಟ್ಟಿದಂಗಾಗುತ್ತೆ" ಅಂದರು. ಅವರು ಹೇಳಿದ್ದರಲ್ಲೇ ರೋಗ ಯಾವುದು ಅಂತ ಇದೆ. ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮಿನ ಪೆಟ್ಟು ಗಾಳಿಯಲ್ಲಿ ಹೋಗುತ್ತಿಲ್ಲ, ನೇರವಾಗಿ ಛಾವಣಿಗೆ ಇಳಿಯುತ್ತಿದೆ. ಇದಕ್ಕೆ ಮದ್ದು ಟೆನಿಸ್ ಚೆಂಡು. ಆರಕ್ಕೆ ಐದು ಅಡಿಯ ಕಟ್ಟೆಗೆ 18 ಎಂಎಂ ಪ್ಲೈವುಡ್ ಎರಡು ಪದರ ಹಾಕಿದರು, ಮೇಲಿನ ಜೋಡು ಕೆಳಗಿನ ಜೋಡಿನ ಮೇಲೆ ಬರದ ಹಾಗೆ ಅಡ್ಡಡ್ಡ. ಕೆಳಪದರಕ್ಕೆ 50 ಎಂಎಂ ಅಗಲದ 35 ತೂತು, ಪ್ರತಿ ತೂತಿಗೊಂದು ಚೆಂಡು. ಚೆಂಡಿನ ಅಡ್ಡಳತೆ ಸುಮಾರು 67 ಎಂಎಂ ಇರುವುದರಿಂದ ಕಾಲು ಭಾಗವೂ ತೂತಿನೊಳಗೆ ಇಳಿಯುವುದಿಲ್ಲ. ಇಡೀ ಹಲಗೆ ನೆಲದಿಂದ ಎರಡು ಇಂಚು ಮೇಲೆ ತೇಲುತ್ತದೆ. ಹಲಗೆ, ಡ್ರಮ್ಸ್, ನುಡಿಸುವವನು ಎಲ್ಲ ಸೇರಿ 170 ಕಿಲೋ ಅಂದುಕೊಂಡರೆ ಒಂದು ಚೆಂಡಿನ ಮೇಲೆ ಬೀಳುವುದು ಐದು ಕಿಲೋ. ಚೆಂಡು ಕಮ್ಮಿಯಾದರೆ ಚಪ್ಪಟೆಯಾಗಿ ಕಲ್ಲಿನಂತಾಗುತ್ತವೆ. ತೀರಾ ಜಾಸ್ತಿಯಾದರೂ ಅಷ್ಟೇ, ಯಾವುದೂ ಅಮುಕುವುದೇ ಇಲ್ಲ. ಇವರು ಮೊದಲ ಸಲ ಎಡವಿದ್ದು ಇನ್ನೊಂದು ಕಡೆ: ಕಟ್ಟೆಯ ಒಂದು ಮೂಲೆ ಗೋಡೆಗೆ ತಾಗಿಕೊಂಡಿತ್ತು, ಸದ್ದೆಲ್ಲ ಆ ಮೂಲೆಯಿಂದ ಗೋಡೆಗಿಳಿದು ಮೇಷ್ಟ್ರ ಮನೆ ಸೇರುತ್ತಿತ್ತು. ಸುತ್ತ ಎರಡು ಬೆರಳು ಜಾಗ ಬಿಟ್ಟ ಮೇಲೆ ದೂರು ನಿಂತಿತು. ಅಭ್ಯಾಸ ಸಂಜೆ ನಾಲ್ಕೂವರೆಯಿಂದ ಏಳೂವರೆ, ಮಾರ್ಚ್ ತಿಂಗಳಲ್ಲಿ ಇಲ್ಲ. ಕಾನೂನಿನ ಮಾತಾದರೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ ಹತ್ತರಿಂದ ಬೆಳಗ್ಗೆ ಆರು. ಮೇಷ್ಟ್ರಿಗೆ ಅದನ್ನು ಓದಿ ಹೇಳುವ ಪ್ರಸಂಗ ಬರಲಿಲ್ಲ.

ಆಂಪ್ಲಿಫೈಯರ್ ವಿಚಾರದಲ್ಲಿ ಒಂದೇ ಮಾತು. ನಡುವಿನವನಿಗೆ ನೂರು ವ್ಯಾಟಿನದು ಬೇಕಿತ್ತು, ಕೊನೆಗೆ ತಂದದ್ದು ಇಪ್ಪತ್ತರದ್ದು. ವ್ಯಾಟ್ ಹತ್ತು ಪಟ್ಟಾದರೆ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ, ಅಷ್ಟೇ. ವೇದಿಕೆಯಲ್ಲಿ ಹೇಗೂ ಮುಂದೆ ಮೈಕ್ ಇಡುತ್ತಾರೆ.

ಶ್ರುತಿ, ಮಾತು, ಏಳರ ಎಣಿಕೆ

ಅಕ್ಕನ ಶ್ರುತಿ ಐದೂವರೆ ಮನೆ, ಅಂದರೆ ಜಿ ಶಾರ್ಪ್. ಗಿಟಾರಿಗೆ ಅದು ಒಗ್ಗದ ಜಾಗ, ಷಡ್ಜಕ್ಕಾಗಲಿ ಪಂಚಮಕ್ಕಾಗಲಿ ಬಿಟ್ಟ ತಂತಿ ಸಿಕ್ಕುವುದಿಲ್ಲ. ಎ ಶ್ರುತಿಗೆ ಹಾಡು ಅಂತ ತಮ್ಮಂದಿರು ಎರಡು ತಿಂಗಳು ಕಾಡಿದರು, ಅಕ್ಕನ ಗಂಟಲು ಕಟ್ಟಿತು. ದಾರಿ ತೋರಿಸಿದ್ದು ಮಂಡ್ಯದ ಹುಡುಗ: ಎಲ್ಲ ವಾದ್ಯವನ್ನೂ ಅರ್ಧ ಸ್ವರ ಕೆಳಗಿಳಿಸಿ ಎ ಆಕಾರದ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದರೆ ಕೇಳಿಸುವುದು ಜಿ ಶಾರ್ಪ್. ತಂತಿ ಸಡಿಲವಾಗಿ ಫ್ರೆಟ್ಟಿಗೆ ತಾಗಿ ಗುಂಯ್‌ಗುಡುತ್ತದೆ, ಅದಕ್ಕೆ ಒಂಬತ್ತರ ತಂತಿ ಸೆಟ್ ತೆಗೆದು ಅದಕ್ಕಿಂತ ದಪ್ಪದ ಹತ್ತರ ಸೆಟ್ ಹಾಕಬೇಕು. ಹೀಗೆ ಇಳಿಸಿದ ಮೇಲೆ ಬೇರೆಯವರ ಕೀಬೋರ್ಡ್ ಜೊತೆ ಕೂರುವಾಗ ಅವರಿಗೆ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಲು ಮುಂಚೆಯೇ ಹೇಳಿರಬೇಕು. ಒಂದು ರಸಮಂಜರಿಯಲ್ಲಿ ಹೇಳಲು ಮರೆತು ಮೊದಲ ಹಾಡಿನ ಮೊದಲ ಸಾಲು ಹೇಗಿತ್ತು ಅನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಎರಡನೇ ತೊಡಕು ಗಮಕ. ಅಕ್ಕ ಗಾಂಧಾರವನ್ನು ಆಡಿಸುತ್ತಾಳೆ. ಗಿಟಾರಿನ ಮೇಜರ್ ಕಾರ್ಡಿನಲ್ಲಿರುವ ಗಾಂಧಾರ ಗೂಟ ಹೊಡೆದಂತೆ ನಿಂತಿರುತ್ತದೆ. ಎರಡೂ ಸೇರಿದಾಗ ಅಕ್ಕನೇ ಅಪಸ್ವರ ಹಾಡುತ್ತಿದ್ದಾಳೆ ಅನ್ನಿಸುತ್ತದೆ, ತಪ್ಪು ಮಾತ್ರ ಅವಳದಲ್ಲ. ರಾಕ್ ಸಂಗೀತದ ಪವರ್ ಕಾರ್ಡಿನಲ್ಲಿ ಇರುವುದು ಬರೀ ಷಡ್ಜ, ಪಂಚಮ. ಗಾಂಧಾರದ ಜಾಗ ಖಾಲಿ. ಹಾಗಾಗಿ ಅಕ್ಕ ಹಾಡುವ ಕಡೆಯೆಲ್ಲ ಗಿಟಾರುಗಳಿಗೆ ಪವರ್ ಕಾರ್ಡ್ ಮಾತ್ರ, ಪೂರ್ತಿ ಕಾರ್ಡ್ ಅವಳು ಸುಮ್ಮನಾದ ಮೇಲೆ.

ಮೂರನೆಯದು ಕನ್ನಡದ್ದೇ. ನಮ್ಮಲ್ಲಿ ಹ್ರಸ್ವ ದೀರ್ಘವಾದರೆ ಅರ್ಥವೇ ಬೇರೆ. "ಬಿಡು" ಅನ್ನುವುದನ್ನು ಎರಡು ಎಣಿಕೆ ಎಳೆದರೆ "ಬೀಡು" ಆಯಿತು. "ಕೂಡಿ" ಅಂತ ಬರೆದದ್ದನ್ನು ಗಡಿಬಿಡಿಯಲ್ಲಿ ಮೊಟಕಿಸಿದರೆ "ಕುಡಿ". ಕಾಲೇಜಿನ ಹುಡುಗರು ಇದಕ್ಕೇ ಜಾಸ್ತಿ ಕೇಕೆ ಹಾಕಿದರು. ಸಾಹಿತ್ಯ ಬರೆದು ರಾಗಕ್ಕೆ ಕೂರಿಸುವ ಮುಂಚೆ ಅಕ್ಕ ಈಗ ಪ್ರತಿ ಸಾಲಿಗೂ ಲಘು ಗುರು ಹಾಕುತ್ತಾಳೆ. ಉದ್ದ ಎಳೆಯಬೇಕಾದ ಸ್ವರ ದೀರ್ಘಾಕ್ಷರದ ಮೇಲೋ ಪದದ ಕೊನೆಯ ಸ್ವರದ ಮೇಲೋ ಬೀಳಬೇಕು. "ಕತ್ತಲು", "ರೊಟ್ಟಿ", "ಹಕ್ಕಿ" ತರಹದ ಒತ್ತಕ್ಷರಗಳನ್ನು ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಪೆಟ್ಟಿನ ಮೇಲೆ ಕೂರಿಸಿದರೆ ಡ್ರಮ್ಸ್ ಮಾತಾಡಿದಂತೆ ಕೇಳುತ್ತದೆ. ಇಂಗ್ಲಿಷ್ ಹಾಡಿನ ಧಾಟಿಗೆ ಕನ್ನಡ ತುರುಕುವವರಿಗೆ ಈ ಸುಖ ಸಿಗುವುದಿಲ್ಲ.

ಇವರ ಒಳ್ಳೆಯ ಹಾಡು ಏಳರಲ್ಲಿದೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಲಯ ಮೂರು-ನಾಲ್ಕು, ಮೂರು-ನಾಲ್ಕು. ಮಿಶ್ರಛಾಪು ಬಾರಿಸಿ ಬೆಳೆದ ಕಿರಿಯವನಿಗೆ ಅದು ಅಂಗೈ ನೆಲ್ಲಿ, ಗಿಟಾರಿನ ಅಣ್ಣನಿಗೆ ಎಂಟನೇ ಎಣಿಕೆ ಹುಡುಕಿ ಹುಡುಕಿ ಸುಸ್ತು. ಕಿಕ್ ಒಂದನೆಯದಕ್ಕೆ, ಸ್ನೇರ್ ನಾಲ್ಕನೆಯದಕ್ಕೆ ಇಟ್ಟರೂ ಕೇಳುವವರಿಗೆ ಚಪ್ಪಾಳೆ ಹಾಕಲು ಬರಲಿಲ್ಲ. ಆಮೇಲೆ ಹೈ-ಹ್ಯಾಟನ್ನು (ಡ್ರಮ್ಸಿನ ಜೋಡಿ ತಾಳ) ಎರಡೆರಡು ಎಣಿಕೆಗೆ ಒಮ್ಮೆ ಬಾರಿಸಿದರು. ಏಳು ಬೆಸ, ಒಂದು ಸುತ್ತಿನಲ್ಲಿ ಮಿಕ್ಕದ್ದು ಮುಂದಿನ ಸುತ್ತಿಗೆ ದಾಟಿ ಹದಿನಾಲ್ಕಕ್ಕೆ ಸರಿಹೋಗುತ್ತದೆ. ತಲೆದೂಗುವವರು ಹೈ-ಹ್ಯಾಟ್ ಹಿಡಿದು ತೂಗುತ್ತಾರೆ, ಏಳರ ಲೆಕ್ಕ ಅವರಿಗೆ ಗೊತ್ತೇ ಆಗುವುದಿಲ್ಲ.

ಪೆಂಡಾಲಿನ ಶಾಕ್

ಮೈಸೂರಿನಲ್ಲಿ ಹೊಸ ತಂಡಕ್ಕೆ ಎಂಥ ವೇದಿಕೆ ಸಿಗುತ್ತದೆ? ದಸರೆಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮ ಕಾಲೇಜು ತಂಡಗಳದ್ದು. ಅಕ್ಕ ಓದು ಮುಗಿಸಿಯಾಗಿದೆ, ಹಾಗಾಗಿ ತಂಡವಾಗಿ ಹೋಗುವಂತಿಲ್ಲ. ಯುವ ದಸರಾ ಹೆಸರು ಮಾಡಿದವರಿಗೆ. ಉಳಿಯುವುದು ಕಾಲೇಜು ಹಬ್ಬ, ಗಣಪತಿ ಪೆಂಡಾಲು, ನವೆಂಬರ್ ತುಂಬ ನಡೆಯುವ ರಾಜ್ಯೋತ್ಸವ. ಅಲ್ಲೆಲ್ಲ ಕೇಳುವುದು ರಸಮಂಜರಿ: ಎರಡು ಗಂಟೆ ಸಿನಿಮಾ ಹಾಡು, ನಡುವೆ ಬೇಕಾದರೆ ನಿಮ್ಮದೆರಡು. ಇವರು ಹದಿನಾಲ್ಕು ಸಿನಿಮಾ ಹಾಡಿನ ನಡುವೆ ಮೂರು ಸ್ವಂತದ್ದು ತೂರಿಸಿದರು. ಸ್ವಂತ ಹಾಡನ್ನು ಐದನೆಯದಾಗಿ ಇಡಬೇಕು. ಮೊದಲೇ ಇಟ್ಟರೆ ಜನ ಬಜ್ಜಿ ಅಂಗಡಿ ಕಡೆ ಹೋಗುತ್ತಾರೆ, ಕೊನೆಗೆ ಇಟ್ಟರೆ ಪೊಲೀಸರು ಹತ್ತು ಗಂಟೆಗೆ ಮೈಕ್ ನಿಲ್ಲಿಸುತ್ತಾರೆ.

ಮಂಡ್ಯ ಜಿಲ್ಲೆಯ ಒಂದು ಪೆಂಡಾಲಿನಲ್ಲಿ ಮೂರನೇ ಹಾಡಿಗೆ ಅಕ್ಕನ ತುಟಿ ಮೈಕಿಗೆ ತಾಗಿ ಶಾಕ್ ಹೊಡೆಯಿತು. ಅಯ್ಯೋ ಅಂತ ಹಿಂದೆ ಸರಿದಳು, ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಗಿಟಾರಿನ ತಂತಿಗಳು ಒಳಗಿಂದೊಳಗೆ ಆಂಪ್ಲಿಫೈಯರಿನ ಅರ್ಥಿಂಗಿಗೆ ಸೇರಿರುತ್ತವೆ. ಮೈಕಿನ ಜಾಲರಿ ಮಿಕ್ಸರಿನ ಅರ್ಥಿಂಗಿಗೆ. ಅಲ್ಲಿ ಮಿಕ್ಸರ್ ಜನರೇಟರಿಗೆ ಹಾಕಿತ್ತು, ಆಂಪ್ಲಿಫೈಯರಿಗೆ ಪಕ್ಕದ ಮನೆಯಿಂದ ವೈರ್ ಎಳೆದಿದ್ದರು. ಆ ಮನೆಯ ಸಾಕೆಟ್ಟಿಗೆ ಅರ್ಥಿಂಗ್ ಇರಲೇ ಇಲ್ಲ. ಎಡಗೈ ತಂತಿ ಮೇಲೆ, ತುಟಿ ಮೈಕಿನ ಮೇಲೆ, ನಡುವೆ ಹಾಡುವವಳು. ಇಂಥದ್ದೇ ವೇದಿಕೆಯಲ್ಲಿ ಎರಡು ಬೇರೆ ಬೇರೆ ಫೇಸ್ ತಂದು ಹಾಕಿದ್ದರೆ ಫೇಸುಗಳ ನಡುವೆ 400 ವೋಲ್ಟ್ ಇರುತ್ತದೆ, 230 ಅಲ್ಲ.

ಆಮೇಲೆ ಮಾಡಿಕೊಂಡ ಪದ್ಧತಿ ಇದು. ವೇದಿಕೆಯ ಎಲ್ಲ ವಾದ್ಯಕ್ಕೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ, ಒಂದೇ ಫೇಸಿನ ಕರೆಂಟು. ಆ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಕಡಿದುಕೊಳ್ಳುವ ಸ್ವಿಚ್ಚು. ಇದನ್ನು ತಂಡವೇ ಮಾಡಿಸಿ ಟೆಂಪೋದಲ್ಲಿ ಒಯ್ಯುತ್ತದೆ. ಹಾಡುವ ಮುಂಚೆ ಮಲ್ಟಿಮೀಟರಿನ ಒಂದು ಕಡ್ಡಿ ಮೈಕಿನ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ, ಎಸಿ ವೋಲ್ಟಿನಲ್ಲಿಟ್ಟು ನೋಡುವುದು. ಒಂದೆರಡು ವೋಲ್ಟ್ ತೋರಿಸಿದರೆ ಸರಿ, ಅದಕ್ಕಿಂತ ಜಾಸ್ತಿ ಬಂದರೆ ಕಾರಣ ಸಿಗುವ ತನಕ ಯಾರೂ ತಂತಿ ಮುಟ್ಟುವಂತಿಲ್ಲ. ಗುಂಯ್ ಅನ್ನುವ ಸದ್ದು ಹೋಗಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವ ಚಾಳಿ ನಮ್ಮ ಕಡೆ ಬಹಳ. ಸದ್ದೇನೋ ಹೋಗುತ್ತದೆ, ಜೊತೆಗೆ ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಗುಂಯ್‌ಗುಟ್ಟುವುದಕ್ಕೆ ವಾದ್ಯದ ಸದ್ದನ್ನು ಮಿಕ್ಸರಿಗೆ ದಾಟಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬೇಕು. ಅದು ಸಂಗೀತದ ವೈರಿನ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಕರೆಂಟಿನದ್ದನ್ನಲ್ಲ.

ಮೈಕ್ ಕೀರುವ ತೊಂದರೆಗೆ ಮದ್ದು ಸಣ್ಣದು. ಎಸ್‌ಎಂ58 ತರಹದ ಕಾರ್ಡಿಯಾಯ್ಡ್ ಮೈಕಿಗೆ ನೇರ ಬೆನ್ನ ಕಡೆ ಕಿವುಡು, ಹಾಡುವವರಿಗೆ ಕೇಳಲೆಂದು ಇಡುವ ಮಾನಿಟರ್ ಸ್ಪೀಕರ್ ಅಲ್ಲಿರಬೇಕು. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಆ ಕಿವುಡುತನ ಹೋಗುತ್ತದೆ, ಕೀರಲು ಶುರುವಾಗುತ್ತದೆ.

ಒಂಬತ್ತನೇ ತಿಂಗಳು

ಮಂಡ್ಯದಿಂದ ಕುವೆಂಪುನಗರಕ್ಕೆ ಸುಮಾರು 45 ಕಿಲೋಮೀಟರ್. ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕ್ ಬಿಡುವುದಿಲ್ಲ. ಹುಡುಗ ಬೆನ್ನಿಗೆ ಬೇಸ್ ಕಟ್ಟಿಕೊಂಡು ಸರ್ವಿಸ್ ರಸ್ತೆಯಲ್ಲೋ ರೈಲಿನಲ್ಲೋ ವಾರಕ್ಕೆ ಮೂರು ದಿನ ಬರುತ್ತಿದ್ದ. ಬಂದು ಕೂತ ಮೇಲೆ ಗೊತ್ತಾಗುತ್ತಿತ್ತು, ಹಾಡಿನ ಪಟ್ಟಿ ಬದಲಾಗಿದೆ, ಭಾನುವಾರದ ಕಾರ್ಯಕ್ರಮ ಬೇಡ ಅಂದಾಗಿದೆ, ಹೊಸ ಹಾಡಿನ ಪಲ್ಲವಿ ಬೇರೆಯಾಗಿದೆ. ಯಾರೂ ಬೇಕೆಂದು ಮುಚ್ಚಿಟ್ಟದ್ದಲ್ಲ. ರಾತ್ರಿ ಊಟದ ಹೊತ್ತಿಗೆ ಮಾತಾಗಿ ಮುಗಿದಿರುತ್ತಿತ್ತು, ಅಷ್ಟೇ. ಮತಕ್ಕೆ ಹಾಕಿದರೂ ಮೂರಕ್ಕೆ ಒಂದು.

ಒಡೆದದ್ದು ದುಡ್ಡಿನ ಮೇಲೆ. ಒಂದು ಕಾರ್ಯಕ್ರಮಕ್ಕೆ 18,000 ಬಂತು. ಡ್ರಮ್ಸ್, ಆಂಪ್ಲಿಫೈಯರ್ ಕೊಡಿಸಿದ್ದ ಅಪ್ಪ ಆ ಹಣವನ್ನು ಮನೆ ದುಡ್ಡೆಂದೇ ತಿಳಿದು ಬೀರುವಿನಲ್ಲಿಟ್ಟರು. ಹುಡುಗನ ಕೈಗೆ ಪೆಟ್ರೋಲಿಗೆ ಅಂತ ಒಂದು ಸಾವಿರ. "ಇಟ್ಕೊಳಪ್ಪ, ನೀನೂ ನಮ್ಮನೆ ಹುಡುಗನ ಥರಾನೇ" ಅಂದದ್ದು ಪ್ರೀತಿಯಿಂದಲೇ. ಅವನು ಎರಡು ವಾರ ಬರಲಿಲ್ಲ, ಫೋನೂ ಎತ್ತಲಿಲ್ಲ. ಜನರಿಗೆ ನೆನಪಿರುವ ಏಳರ ಹಾಡಿನ ಬೇಸ್ ಎಳೆ ಅವನು ಕಟ್ಟಿದ್ದು. ಅವನಿಲ್ಲದೆ ಆ ಹಾಡು ಎದ್ದು ನಿಲ್ಲಲಿಲ್ಲ.

ಅವನನ್ನು ಕರೆತಂದದ್ದು ಅಕ್ಕ. ಮಂಡ್ಯಕ್ಕೆ ಹೋಗಿ ಅವನ ಮನೆಯಲ್ಲೇ ಕೂತು ಲೆಕ್ಕದ ಹಾಳೆ ಬರೆದಳು. 18,000ದಲ್ಲಿ ಟೆಂಪೋ 2,800, ಸೌಂಡಿನ ಹುಡುಗನಿಗೆ 1,500, ತಂತಿ, ಕಡ್ಡಿ, ಬ್ಯಾಟರಿಗೆ 700, ಊಟ 500. ಖರ್ಚು 5,500 ಕಳೆದು ಉಳಿದದ್ದು 12,500. ಅದಕ್ಕೆ ಐದು ಪಾಲು: ನಾಲ್ವರಿಗೆ ತಲಾ 2,500, ಐದನೆಯದು ತಂಡದ ನಿಧಿ. ನಿಧಿಯಿಂದ ಪ್ರತಿ ಕಾರ್ಯಕ್ರಮಕ್ಕೆ 1,500 ಅಪ್ಪನ ಸಾಲಕ್ಕೆ, ಉಳಿದದ್ದು ರಿಪೇರಿಗೆ. ಡ್ರಮ್ಸಿಗೆ 38,000, ಆಂಪ್ಲಿಫೈಯರಿಗೆ 22,000, ಒಟ್ಟು 60,000. ತೀರಲು ನಲವತ್ತು ಕಾರ್ಯಕ್ರಮ. ಈ ನಲವತ್ತು ಅನ್ನುವ ಅಂಕಿ ನೋಡಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊಟ್ಟಾಗ ಅವರಿಗೆ ಅದು ಸಾಲವಾಗಿರಲಿಲ್ಲ, ಮಕ್ಕಳಿಗೆ ಕೊಡಿಸಿದ ಸಾಮಾನು. ಆದರೆ ಕೊಡಿಸಿದವರು ಒಡೆಯರೂ ಆಗುತ್ತಾರೆ. ಅಮೆರಿಕದ ಬೀಚ್ ಬಾಯ್ಸ್ ತಂಡದಲ್ಲಿ ವಿಲ್ಸನ್ ಸೋದರರ ತಂದೆ ಮರಿ ವಿಲ್ಸನ್ ಮಗನ ಹಾಡುಗಳ ಪ್ರಕಾಶನ ಹಕ್ಕನ್ನು 1969ರಲ್ಲಿ 7 ಲಕ್ಷ ಡಾಲರಿಗೆ ಮಾರಿಬಿಟ್ಟರು.

ಹಕ್ಕಿನ ವಿಚಾರವೂ ಅದೇ ಹಾಳೆಗೆ ಬಂತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಹಿತ್ಯ ಒಂದು ಹಕ್ಕು, ಸಂಗೀತ ಇನ್ನೊಂದು, ಧ್ವನಿಮುದ್ರಣ ಮೂರನೆಯದು. ಮೊದಲೆರಡು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತವೆ, ಜಂಟಿಯಾಗಿ ಬರೆದಿದ್ದರೆ ಕೊನೆಯವರು ತೀರಿಕೊಂಡ ಮೇಲಿಂದ ಎಣಿಕೆ. ಧ್ವನಿಮುದ್ರಣದ್ದು ಅದನ್ನು ಮಾಡಿಸುವ ಮುಂದಾಳತ್ವ, ಹೊಣೆ ಹೊತ್ತವರಿಗೆ. ಸ್ಟುಡಿಯೋ ಬಿಲ್ ಅಪ್ಪನ ಹೆಸರಿಗೆ ಬರೆಸಿ, ಮಾತುಕತೆಯೂ ಅವರೇ ಆಡಿದ್ದರೆ ನಾಳೆ ಆ ರೆಕಾರ್ಡಿಂಗ್ ಯಾರದ್ದು ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಬಿಲ್ ನಾಲ್ವರ ಹೆಸರಿಗೆ, ದುಡ್ಡು ನಿಧಿಯಿಂದ. ಏಳರ ಹಾಡು: ಸಾಹಿತ್ಯ ಅಕ್ಕನದು, ಸಂಗೀತ ನಾಲ್ವರದೂ ಸಮ. ನಡುವಿನವನು ಇದಕ್ಕೆ ಮುನಿಸಿಕೊಂಡ, ರಾಗ ತನ್ನದೆಂದು. ಮೂರು ದಿನದ ಮೇಲೆ ಸಹಿ ಹಾಕಿದ.

ಉಳಿದ ನಿಯಮ ಎರಡೇ. ಊಟದ ಹೊತ್ತಿನ ತೀರ್ಮಾನ ತೀರ್ಮಾನವಲ್ಲ, ತಂಡದ ಫೋನ್ ಗ್ರೂಪಿನಲ್ಲಿ ಬರೆದು ನಾಲ್ವರೂ ಸರಿ ಅಂದ ಮೇಲಷ್ಟೇ. ಹಾಡಿನ ಪಟ್ಟಿ ಹಿಂದಿನ ದಿನ ರಾತ್ರಿ ಎಂಟರ ನಂತರ ಮುಟ್ಟುವಂತಿಲ್ಲ. ಮೊದಲನೆಯದನ್ನು ಮುರಿದವರು ಮೂವರೂ ಇದ್ದಾರೆ, ಎರಡನೆಯದನ್ನು ಕಿರಿಯವನೊಬ್ಬನೇ.

ಹದಿನೆಂಟನೇ ತಿಂಗಳ ಸ್ಥಿತಿ

ಹಾಳೆ ಬರೆದ ಮೇಲೆ ಹನ್ನೊಂದು ಕಾರ್ಯಕ್ರಮ ಆಗಿವೆ. ಅಪ್ಪನಿಗೆ 16,500 ಹೋಗಿದೆ, ಬಾಕಿ 43,500. ಸ್ವಂತ ಹಾಡು ಆರು, ಅದರಲ್ಲಿ ವೇದಿಕೆಗೆ ಒಗ್ಗಿದ್ದು ನಾಲ್ಕು. ಕಿರಿಯವನ ಸೆಮಿಸ್ಟರ್ ಪರೀಕ್ಷೆಗೆ ಇಡೀ ಒಂದು ತಿಂಗಳು ಡ್ರಮ್ಸ್ ಬಂದ್; ಆ ಹೊತ್ತಿಗೆ ಅಕ್ಕನೂ ಮಂಡ್ಯದ ಹುಡುಗನೂ ಗಿಟಾರ್, ಬೇಸ್ ಎರಡೇ ಇಟ್ಟುಕೊಂಡು ಕೂರುತ್ತಾರೆ, ಮೇಷ್ಟ್ರು ಒಂದೊಂದು ಸಲ ಮೇಲೆ ಬಂದು ಕೇಳುತ್ತಾರೆ. ಡ್ರಮ್ಸ್ ಕಟ್ಟೆಯ ಕೆಳಗೆ ಸ್ಟೂಲಿನ ಕಡೆಯ ಆರು ಚೆಂಡು ಒಡೆದಿವೆ. ಕಟ್ಟೆ ತಂಡದ್ದು, ಛಾವಣಿ ಮನೆಯದ್ದು, ಸದ್ದು ಮೇಷ್ಟ್ರಿಗೆ. ಹೊಸ ಚೆಂಡಿನ ಖರ್ಚು ಯಾವ ಲೆಕ್ಕಕ್ಕೆ ಅನ್ನುವುದು ಗ್ರೂಪಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ, ಮೂವರು ಸರಿ ಅಂದಿದ್ದಾರೆ.